ವಾಂತಿಭೇದಿಯಿಂದ ಚೇತರಿಸಿಕೊಳ್ಳುತ್ತಾ ಲೇಹ್ ತಲುಪಿದರೆ ಮರುದಿನವೇ ಪಾಂಗಾಂಗ್‌ಗೆ ಹೋಗಬಹುದೇ?

ದೆಹಲಿಯಲ್ಲಿ ಮೊಬೈಲ್, ಪರ್ಸ್ ಎರಡೂ ಕಳವಾಗಿ, ಮೇಲೆ ವಾಂತಿಭೇದಿಯಾಗಿ ಪ್ರವಾಸ ಎರಡು ದಿನ ತಡವಾಗಿದೆ, ಅದನ್ನು ಸರಿದೂಗಿಸಲು ಲಡಾಖ್‌ನ ಲೇಹ್‌ನಲ್ಲಿ ಇಳಿದ ಮರುದಿನವೇ ಇನ್ನೂ ಎತ್ತರದಲ್ಲಿರುವ ಪಾಂಗಾಂಗ್ ಸರೋವರಕ್ಕೆ ಹೋಗಿ ತಂಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ. ಕಳೆದುಹೋದ ದಿನಗಳನ್ನು ವಸೂಲು ಮಾಡುವ ಜಾಗ ಅದಲ್ಲ.

ನಾನೂ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿ ಅಲ್ಲಿ ಇಳಿದವಳು. ಬ್ಯಾಗ್ ಹೋಗಿತ್ತು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ವಿಮಾನದಿಂದ ಇಳಿದಾಗ ಮಾತ್ರ ಎಷ್ಟು ಹಗುರವೆನಿಸಿತು! ಆ ಹುರುಪನ್ನು ನಂಬಬೇಡಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲುಪಿದ 6ರಿಂದ 12 ಗಂಟೆಗಳ ನಂತರ ತಲೆ ಎತ್ತುತ್ತದೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿನ ವಾಯುಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ, ಹಾಗಾಗಿ ಪ್ರತಿ ಉಸಿರಿಗೂ ದೇಹಕ್ಕೆ ದಕ್ಕುವ ಆಮ್ಲಜನಕ ಕಡಿಮೆ. ನಾನಿದ್ದ ಅತಿಥಿಗೃಹದ ಯಜಮಾನಿ, ನಾವೆಲ್ಲ ಅಮಾ-ಲೇ ಎಂದು ಕರೆಯುತ್ತಿದ್ದ ಹಿರಿಯರು, ಮೊದಲ ದಿನ ನನ್ನನ್ನು ಅಂಗಳ ದಾಟಲು ಬಿಡಲಿಲ್ಲ. ತುಕ್ಪಾ ಎಂಬ ಬಿಸಿ ನೂಡಲ್ಸ್ ಸೂಪು ಕೊಟ್ಟು ಮಲಗಿಸಿದರು. ಅವರಿಗೆ ನಾನು ಇಂದಿಗೂ ಋಣಿ.

ನಿಮ್ಮ ವಿಷಯದಲ್ಲಿ ನನಗೆ ನಿಜವಾಗಿ ಭಯವಿರುವುದು ಇನ್ನೊಂದಕ್ಕೆ. ತಲೆನೋವು, ವಾಕರಿಕೆ, ನಿಶ್ಶಕ್ತಿ, ಊಟ ಬೇಡವೆನಿಸುವುದು: ಇವು ಹೊಟ್ಟೆ ಕೆಟ್ಟವರಿಗೂ ಬರುತ್ತವೆ, ಎತ್ತರದ ಕಾಯಿಲೆಯಲ್ಲೂ ಬರುತ್ತವೆ. "ಮೊನ್ನೆಯ ಸುಸ್ತೇ ಇರಬೇಕು" ಎಂದು ಸಮಾಧಾನ ಹೇಳಿಕೊಳ್ಳುವುದು ಬಹಳ ಸುಲಭ. ಅಲ್ಲಿ ತಲೆನೋವು ಬಂದರೆ ಎತ್ತರದ್ದೇ ಎಂದು ತಿಳಿದು, ಅದು ಹೋಗುವವರೆಗೆ ಮೇಲೆ ಹತ್ತಬೇಡಿ. ಓಆರ್‌ಎಸ್ ಕುಡಿಯುತ್ತಿರಿ, ಮದ್ಯ, ನಿದ್ರೆಮಾತ್ರೆ ಬೇಡ. ಎತ್ತರದ ಕಾಯಿಲೆ ತಡೆಯಲು ಕೊಡುವ, ಡೈಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಾಜೋಲಮೈಡ್ ಮಾತ್ರೆ ಹೆಚ್ಚು ಮೂತ್ರ ಹೋಗುವಂತೆ ಮಾಡುತ್ತದೆ, ಆದ್ದರಿಂದ ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡಿರುವ ನೀವು ದೆಹಲಿ ಬಿಡುವ ಮುನ್ನವೇ ವೈದ್ಯರನ್ನು ಕೇಳಿ. ಸಲ್ಫಾ ಔಷಧದ ಅಲರ್ಜಿಯಿದ್ದರೆ ಅದನ್ನೂ ಹೇಳಿ.

ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ. ಪಟ್ಟಣದಲ್ಲೇ ಸೋನಮ್ ನೋರ್ಬೂ ಸ್ಮಾರಕ ಆಸ್ಪತ್ರೆ ಇದೆ. ಉಲ್ಬಣಿಸಿದ ಎತ್ತರದ ಕಾಯಿಲೆಗೆ ಮುಖ್ಯ ಮದ್ದು ಕೆಳಗಿಳಿಯುವುದು. ಆದರೆ ಲೇಹ್‌ನಿಂದ ರಸ್ತೆಯಲ್ಲಿ ಹೊರಟರೆ ಶ್ರೀನಗರದ ಕಡೆಗಾಗಲಿ ಮನಾಲಿಯ ಕಡೆಗಾಗಲಿ ಮೊದಲು ಇನ್ನೂ ಎತ್ತರದ ಕಣಿವೆಮಾರ್ಗಗಳನ್ನು ಹತ್ತಲೇಬೇಕು. ಅಂದರೆ ಬೇಗ ಇಳಿಯಲು ವಿಮಾನವೇ ಗತಿ. ಪಾಂಗಾಂಗ್ ತೀರದಲ್ಲಿ ಮಧ್ಯರಾತ್ರಿ ಹೀಗಾದರೆ ಏನು ಗತಿ ಎಂದು ಯೋಚಿಸಿ: ಆ ಸರೋವರ 4,200 ಮೀಟರ್‌ಗಿಂತ ಮೇಲಿದೆ, ಲೇಹ್‌ಗೆ ಮರಳಲು 5,300 ಮೀಟರ್ ದಾಟುವ ಚಾಂಗ್ ಲಾ ಎಂಬ ಕಣಿವೆಮಾರ್ಗ ಹತ್ತಬೇಕು.

ಮೂರನೆಯ ದಿನ ತಲೆ ಹಗುರವಾಗಿ, ಹಸಿವು ಮರಳಿದ್ದರೆ ನುಬ್ರಾ ಕಣಿವೆಗೆ ಹೋಗಿ. ದಾರಿಯಲ್ಲಿ ಎತ್ತರದ ಖರ್ದುಂಗ್ ಲಾ ಕಣಿವೆಮಾರ್ಗ ದಾಟಬೇಕು ನಿಜ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ; ಆದರೆ ರಾತ್ರಿ ಮಲಗುವ ಅಲ್ಲಿನ ದಿಸ್ಕಿತ್ ಊರು ಲೇಹ್‌ಗಿಂತ ತಗ್ಗಿನಲ್ಲಿದೆ. ಪಾಂಗಾಂಗ್ ಆಮೇಲೆ, ಸಮಯ ಉಳಿದರೆ. ಉಳಿಯದಿದ್ದರೆ ಬಿಟ್ಟುಬಿಡಿ.

ಮೊಬೈಲ್ ವಿಷಯ ದೆಹಲಿಯಲ್ಲೇ ಮುಗಿಸಿ. ಪೊಲೀಸ್ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹ್ಯಾಂಡ್‌ಸೆಟ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಖಾತೆಯಿಂದ ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಹಾಗಾಗಿ ಬದಲಿ ಸಿಮ್ ಪಡೆಯುವಾಗಲೇ ಪೋಸ್ಟ್‌ಪೇಯ್ಡ್ ಕೇಳಿ, ನಗದನ್ನೂ ಸಾಕಷ್ಟು ಇಟ್ಟುಕೊಳ್ಳಿ. ಪರ್ಸ್ ಜೊತೆ ಗುರುತಿನ ಚೀಟಿ ಹೋಗಿದ್ದರೆ ಡಿಜಿಲಾಕರ್‌ನಲ್ಲಿರುವ ಆಧಾರ್ ಅನ್ನು ವಿಮಾನ ನಿಲ್ದಾಣದಲ್ಲಿ ತೋರಿಸಬಹುದು.