ರೋಗಿಯ ರಿಪೋರ್ಟನ್ನು ನರ್ಸ್ ಸಂಬಂಧಿಕರಿಗೆ ಹೇಳಬಹುದಾ?

ರೋಗಿ ಒಪ್ಪದೆ ಹೇಳಬಾರದು. ಗದಗದಂಥ ಊರಲ್ಲಿ ಇದು ಸುಲಭ ಅಲ್ಲ, ಎಲ್ಲರೂ ಪರಿಚಯದವರೇ. "ಅಕ್ಕಾರ, ನಮ್ಮ ಕಾಕಾನ ರಕ್ತದ ರಿಪೋರ್ಟ್ ಏನ್ ಬಂತ್ರೀ?" ಅಂತ ವಾರ್ಡಿನ ಬಾಗಿಲಲ್ಲೇ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೂ "ಕಾಕಾನ್ನ ಕೇಳ್ರಿ" ಅನ್ನಬೇಕು.

ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆ ಬಹಳ ಬಿಗಿ. ರೋಗಿ ಎಲ್ಲ ತಿಳಿದು ಕೊಟ್ಟ ಒಪ್ಪಿಗೆ ಬೇಕು, ಅದೂ ಬರಹದಲ್ಲಿ. ಕೋರ್ಟ್ ಆದೇಶ ಇದ್ದರೆ ಮಾತು ಬೇರೆ. ಚಿಕಿತ್ಸೆ ಕೊಡುವ ಸಿಬ್ಬಂದಿಗೆ ಆರೈಕೆಗೆ ಬೇಕಾದಷ್ಟು ತಿಳಿಸಬಹುದು. ರೋಗಿಯ ಗಂಡನಿಗೋ ಹೆಂಡತಿಗೋ ತಿಳಿಸುವುದು ಡಾಕ್ಟರ್ ಅಥವಾ ಕೌನ್ಸೆಲರ್ ಕೆಲಸ, ಅದಕ್ಕೂ ಷರತ್ತುಗಳಿವೆ.

ಬಾಯಿ ಬಿಡದಿದ್ದರೆ ಸಾಲದು. ಮಂಚಕ್ಕೆ ತೂಗುಹಾಕಿದ ಕೇಸ್ ಶೀಟಿನ ಮೇಲೆ ಎಚ್‌ಐವಿ ಇದೆ ಅಂತ ಕೆಂಪು ಇಂಕಿನ ಗುರುತು ಹಾಕಿದರೂ ಗುಟ್ಟು ಬಿಟ್ಟುಕೊಟ್ಟಂತೆಯೇ, ಅಲ್ವಾ?