ಡಿಶ್ ಯಾವ ದಿಕ್ಕಿಗಿದೆ, ನೋಡಿ ಬರೆಯಿರಿ

ಆತ್ಮೀಯರೇ,

ಉಪಗ್ರಹ ಟಿವಿ ನಮ್ಮ ಕಡೆಯ ಬದುಕನ್ನು ಹೇಗೆ ಬದಲಿಸಿತು ಎಂದು ಗದಗಿನಿಂದ ನೀವು ಕಳಿಸಿದ ‘ಆಕಾಶದ ಅತಿಥಿ’ ಲೇಖನ ಓದಿದೆ. ಭಾಷೆ ಹದವಾಗಿದೆ, ವಿಷಯವೂ ಬೇಕಾದದ್ದೇ. ಆದರೆ ಎರಡು ಕಡೆ ಓದು ಮುಂದೆ ಸಾಗಲಿಲ್ಲ. ಅವನ್ನಷ್ಟೇ ಹೇಳುತ್ತೇನೆ.

ನಿಮ್ಮ ಮೊದಲ ವಾಕ್ಯ: “ಬೆಟಗೇರಿಯ ಮಾಳಿಗೆಗಳ ಮೇಲೆ ಡಿಶ್‌ಗಳೆಲ್ಲ ದಿಲ್ಲಿಯ ಕಡೆ, ಉತ್ತರಕ್ಕೆ ಮುಖ ಮಾಡಿ ನಿಂತಿವೆ.” ಓದಲು ಚಂದ. ಆದರೆ ಉತ್ತರಕ್ಕೆ ತಿರುಗಿದ ಡಿಶ್ ಬೆಟಗೇರಿಯಲ್ಲಿ ಚಿತ್ರ ಹಿಡಿಯುವುದಿಲ್ಲ. ಟಿವಿ ಉಪಗ್ರಹಗಳಿರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ನಾವು ಆ ರೇಖೆಯಿಂದ 15 ಡಿಗ್ರಿ ಉತ್ತರಕ್ಕಿದ್ದೇವೆ, ಹಾಗಾಗಿ ಡಿಶ್ ದಕ್ಷಿಣದ ಕಡೆಗೇ ತಿರುಗಬೇಕು. ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹದಿಂದ. ಗದಗಿನಲ್ಲಿ ಅದಕ್ಕೆ ಆಗ್ನೇಯಕ್ಕೆ ತಿರುಗಿಸಿ, 62 ಡಿಗ್ರಿಯಷ್ಟು ಮೇಲಕ್ಕೆ ಗುರಿ ಹಿಡಿಯಬೇಕು. ಕಣ್ಣಿಗೆ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣದು, ಏಕೆಂದರೆ ಅಲೆ ಹಿಡಿಯುವ ಪುಟ್ಟ ಡಬ್ಬಿಯಾದ ಎಲ್‌ಎನ್‌ಬಿ ತಟ್ಟೆಯ ನಡುವಿಗೆ ಎದುರಾಗಿರದೆ ಕೆಳಗಿನ ಕಡ್ಡಿಯ ತುದಿಯಲ್ಲಿರುತ್ತದೆ. ಒಂದೆರಡು ಡಿಗ್ರಿ ಸರಿದರೂ ಸಿಗ್ನಲ್ ಹೋಗುತ್ತದೆ.

ಅದರ ಕೆಳಗೇ, “ಮಳೆ ಬಂದರೆ ಪರದೆಯ ತುಂಬ ಇರುವೆ.” ಇರುವೆಯಂಥ ಚುಕ್ಕೆ ಓಡಾಡುತ್ತಿದ್ದದ್ದು ಹಳೆಯ ಆ್ಯಂಟೆನಾ ಕಾಲದಲ್ಲಿ. ಈ ಡಿಶ್‌ನ ಕೆಯು ಬ್ಯಾಂಡ್ ಎಂಬ ಕಿರಿದಾದ ಅಲೆ ಜೋರು ಮಳೆಯಲ್ಲಿ ಸೊರಗುತ್ತದೆ. ಆಗ ಚಿತ್ರ ಚೌಕ ಚೌಕವಾಗಿ ಒಡೆದು, ಮಾತು ತುಂಡಾಗಿ, ನಿಂತುಬಿಡುತ್ತದೆ.

ದಿಕ್ಕಿನದು ಸಣ್ಣ ತಪ್ಪಲ್ಲ. ಆಕಾಶದಿಂದ ಬಂದದ್ದೆಲ್ಲ ದಿಲ್ಲಿಯದು, ಪರದೇಶದ್ದು ಎಂಬ ನಿಮ್ಮ ವಾದವೇ ಆ ಮೊದಲ ವಾಕ್ಯದ ಮೇಲೆ ನಿಂತಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ, ಉಪಗ್ರಹದಿಂದ ಹಳ್ಳಿಗೆ ಪಾಠ ಮುಟ್ಟಿಸುವ ಸೈಟ್ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಅದು ಬಂದದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳಿಗೆ, ಅದೂ ಕನ್ನಡದ ಕೃಷಿ, ಆರೋಗ್ಯದ ಪಾಠವಾಗಿ. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ. ನಮ್ಮ ಮಾತಿನ ಮೇಲೆ ಹೆಚ್ಚು ಭಾರ ಬಿದ್ದದ್ದು ಈ ಕನ್ನಡ ಚಾನೆಲ್‌ಗಳಿಂದಲೇ ಎಂಬುದು ನನ್ನ ಎಣಿಕೆ. ಮಾಳಿಗೆ ಹತ್ತಿ ನೋಡಿದ್ದರೆ ಆ ಡಿಶ್ ಹೆಚ್ಚುಕಡಿಮೆ ಬೆಂಗಳೂರಿನ ದಿಕ್ಕಿಗಿರುವುದು ನಿಮಗೇ ಕಾಣುತ್ತಿತ್ತು.

ಎರಡನೆಯದು: “ಟಿವಿಯಿಂದ ನಮ್ಮ ಸಂಸ್ಕೃತಿ ಮಣ್ಣುಪಾಲಾಯಿತು, ಭಾಷೆ ಕೆಟ್ಟಿತು.” ನಾನು ಕೈ ತಿದ್ದಿಕೊಳ್ಳುತ್ತಿದ್ದ ದಿನಗಳಲ್ಲಿ ‘ಸಂಸ್ಕೃತಿ’ ಎಂಬ ಪದ ಕಂಡಲ್ಲೆಲ್ಲ ಹಿರಿಯರು ಕೆಂಪು ಗೆರೆ ಎಳೆದು, ಅಂಚಿನಲ್ಲಿ “ಯಾರ ಮನ್ಯಾಗ?” ಎಂದು ಬರೆಯುತ್ತಿದ್ದರು. ನಿಮ್ಮನ್ನೂ ಅದನ್ನೇ ಕೇಳುತ್ತೇನೆ. ಯಾವ ಮಾತು ಕೆಟ್ಟಿತು? ‘ಅವ್ವ’ ಹೋಗಿ ‘ಅಮ್ಮ’ ಬಂದದ್ದೇ? ‘ಹೋಗೂಣು ಬರ್ರಿ’ ಎನ್ನುತ್ತಿದ್ದ ಮನೆಯಲ್ಲಿ ‘ಹೋಗೋಣ ಬನ್ನಿ’ ಕೇಳಿಸಿದ್ದೇ? ಧಾರಾವಾಹಿಯ ನಾಯಕ ಬೆಂಗಳೂರು ಕನ್ನಡ ಆಡುತ್ತಾನೆ. ನಮ್ಮ ಮಾತು ಎಷ್ಟೋ ಸಲ ಅಡುಗೆಯವನಿಗೆ, ಕಾವಲುಗಾರನಿಗೆ, ನಗಿಸುವವನಿಗೆ ಸಿಗುತ್ತದೆ. ಅದನ್ನು ದಿನಾ ನೋಡುವ ಹುಡುಗಿ ಬೀಗರ ಮುಂದೆ ಮಾತು ಬದಲಿಸಿದರೆ, ಮನೆಯಲ್ಲಿ ಆಡುವುದು, ಬೀಗರ ಮುಂದೆ ಆಡಿದ್ದು, ಆ ಎರಡು ವಾಕ್ಯ ಬರೆಯಿರಿ. ಅಲ್ಲಿ ಓದುಗನಿಗೆ ಎದೆ ಚುರ್ ಎನ್ನುತ್ತದೆ.

ಮದುವೆಯ ಪ್ಯಾರಾಕ್ಕೂ ಇದೇ ಮಾತು. ಅರಿಷಿಣ ಹಚ್ಚುವುದು ‘ಹಳದಿ’ ಆಯಿತು ಎಂದಿದ್ದೀರಿ, ಸರಿ. ಸುರಗಿ ಏನಾಯಿತು? ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತುವುದು ನಿಂತಿತೇ, ಅಥವಾ ಹಳದಿ ಬಟ್ಟೆ ಉಟ್ಟುಕೊಂಡೇ ನಡೆಯುತ್ತಿದೆಯೇ? ಒಂದೇ ಮನೆತನದ ಮೂರು ಮದುವೆ ಆಲ್ಬಮ್ ಮುಂದಿಟ್ಟುಕೊಳ್ಳಿ: 1990ಕ್ಕಿಂತ ಹಿಂದಿನದು, 2005ರ ಆಸುಪಾಸಿನದು, ಈಚಿನದು. ಹಳದಿ ಸೀರೆ, ಮೆಹಂದಿ, ಕುಣಿತ ಯಾವುದರಲ್ಲಿ ಮೊದಲು ಕಾಣಿಸುತ್ತವೆ, ಗುರುತು ಹಾಕಿ. ಮೂರನೆಯದರಲ್ಲಷ್ಟೇ ಕಂಡದ್ದನ್ನು ಟಿವಿಯ ತಲೆಗೆ ಕಟ್ಟುವ ಮೊದಲು ಮೊಬೈಲ್ ಬಂದ ಮೇಲಿನದೇ ಎಂದು ಫೋಟೋದವರನ್ನು, ಮನೆಯ ಹೆಣ್ಣುಮಕ್ಕಳನ್ನು ವಿಚಾರಿಸಿ.

ಡಿಶ್‌ನ ವಾಕ್ಯ ತೆಗೆಯಬೇಡಿ, ದಿಕ್ಕು ತಿದ್ದಿ. ಆಲ್ಬಮ್ ನೋಡಿದ ಮೇಲೆ ಮದುವೆಯ ಭಾಗವನ್ನು ಹೊಸದಾಗಿ ಬರೆದು ಕಳಿಸಿ. ಜಾಗ ಹಿಡಿದಿಟ್ಟಿರುತ್ತೇನೆ.