ಉರ್ದು ಬೇಡ, ಹಿಂದಿ ಆಗಬಹುದು

ಪ್ರಶ್ನೆ: ಮೇಡಂ, ಪಾಕಿಸ್ತಾನದಲ್ಲೂ ಮುಸ್ಲಿಮರು, ಅಫ್ಘಾನಿಸ್ತಾನದಲ್ಲೂ ಮುಸ್ಲಿಮರು. ಮತ್ತೆ ಯಾಕೆ ಹೊಡೆದಾಡುತ್ತಾರೆ? ನಮ್ಮ ಹಾಸ್ಟೆಲ್‌ನಲ್ಲಿ ಇದೇ ವಿಷಯಕ್ಕೆ ರಾತ್ರಿಯಿಡೀ ವಾದ ಆಯಿತು.
— ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಮ್ಮ ಮಹಡಿ ಮನೆಯ ಕಥೆ ಹೇಳುತ್ತೇನೆ ಕೇಳು. ಮೈಸೂರಿನ ನಮ್ಮ ಮನೆಯಲ್ಲಿ 2017ರಿಂದ ಎರಡು ವರ್ಷ ಇಬ್ಬರು ಅಫ್ಘನ್ ಹುಡುಗರು ಬಾಡಿಗೆಗಿದ್ದರು. ಮನೆ ಕೇಳಲು ಬಂದ ದಿನ ನಾನು ಬಾಗಿಲಲ್ಲೇ ನಿಂತು "ಪಾಕಿಸ್ತಾನದವರಲ್ಲ ತಾನೇ?" ಅಂತ ಕೇಳಿಬಿಟ್ಟೆ. ಬೇಜಾರಾಗುತ್ತಾರೆ ಅಂದುಕೊಂಡರೆ ಅವರಲ್ಲೊಬ್ಬ ಗಟ್ಟಿಯಾಗಿ ನಕ್ಕ. ಆ ಪ್ರಶ್ನೆ ಅವನಿಗೆ ಇಷ್ಟವಾಗಿತ್ತು! ಅವನ ಖುಷಿ ನೋಡಿ ಮುಜುಗರವಾಗಿದ್ದು ನನಗೆ.

ಅವನು ಅಫ್ಘಾನಿಸ್ತಾನದ ಜಲಾಲಾಬಾದ್ ಕಡೆಯ ಪಶ್ತೂನ್ ಜನಾಂಗದವನು. ಆದರೆ ಹುಟ್ಟಿ ಬೆಳೆದದ್ದು ಪಾಕಿಸ್ತಾನದ ಪೇಶಾವರದ ನಿರಾಶ್ರಿತರ ಶಿಬಿರದಲ್ಲಿ. ಉರ್ದು ಅವನಿಗೆ ನೀರು ಕುಡಿದಷ್ಟು ಸಲೀಸು. ಒಂದು ದಿನ "ಉರ್ದು ಎಷ್ಟು ಚೆನ್ನಾಗಿ ಮಾತಾಡ್ತೀಯಪ್ಪ" ಅಂದೆ. ಮುಖ ಗಂಟು ಹಾಕಿಕೊಂಡ. "ಆಂಟಿ, ಇದು ಹಿಂದಿ" ಅಂದ. ಅವನ ಬಾಯಲ್ಲಿ ಎರಡೂ ಒಂದೇ ಮಾತು. ಆದರೆ ಹಿಂದಿ ಅಂದರೆ ಅವನಿಗೆ ಸಿನಿಮಾ. ಉರ್ದು ಅಂದರೆ ಶಿಬಿರದ ಹೊರಗೆ ತಡೆದು ನಿಲ್ಲಿಸಿ "ಕಾಗದ ತೋರಿಸು" ಅನ್ನುತ್ತಿದ್ದ ಪೊಲೀಸರು.

ಜಗಳದ ಬೇರು ಹಳೆಯದು. 1893ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಟಿಮರ್ ಡುರಾಂಡ್ ಮತ್ತು ಕಾಬೂಲಿನ ಅಮೀರ್ ಅಬ್ದುರ್ ರಹಮಾನ್ ನಡುವೆ ಒಪ್ಪಂದವಾಗಿ ಒಂದು ಗೆರೆ ಬಿತ್ತು. ಉದ್ದ 2,600 ಕಿಲೋಮೀಟರಿಗೂ ಜಾಸ್ತಿ. ಅದು ಪಶ್ತೂನರ ನಾಡಿನ ನಡುವೆಯೇ ಹಾದುಹೋಯಿತು. ಅಣ್ಣ ಆಚೆ, ತಮ್ಮ ಈಚೆ. ಕಾಬೂಲಿನಲ್ಲಿ ರಾಜರು ಹೋಗಿ ಕಮ್ಯುನಿಸ್ಟರು ಬಂದರು, ಆಮೇಲೆ ತಾಲಿಬಾನ್ ಬಂತು. ಪಾಕಿಸ್ತಾನ ಹುಟ್ಟಿದ ಮೇಲೆ ಆ ಗೆರೆಯನ್ನು ಗಡಿ ಅಂತ ಒಪ್ಪಲು ಇವರಲ್ಲಿ ಯಾರೂ ತಯಾರಿರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನವನ್ನು ವಿಶ್ವಸಂಸ್ಥೆಗೆ ಸೇರಿಸಿಕೊಳ್ಳುವಾಗ ವಿರುದ್ಧ ಮತ ಹಾಕಿದ್ದು ಒಂದೇ ಒಂದು ದೇಶ. ಅದು ಭಾರತವಲ್ಲ, ಅಫ್ಘಾನಿಸ್ತಾನ. ನಿನ್ನ ಹಾಸ್ಟೆಲ್ ವಾದಕ್ಕೆ ಇದು ಕೆಲಸಕ್ಕೆ ಬರಬಹುದು.

ತೊಂಬತ್ತರ ದಶಕದ ತಾಲಿಬಾನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟ ಮೂರೇ ದೇಶಗಳಲ್ಲಿ ಪಾಕಿಸ್ತಾನವೂ ಒಂದು. ಸಾಕಿದವರ ಮಾತು ಕೇಳುತ್ತಾರೆ ಅನ್ನೋ ಲೆಕ್ಕ. ಲೆಕ್ಕ ತಪ್ಪಿತು. ಪಾಕಿಸ್ತಾನದೊಳಗೇ ಬಾಂಬ್ ಹಾಕುವ ಟಿಟಿಪಿ ಎಂಬ ಪಾಕಿಸ್ತಾನಿ ತಾಲಿಬಾನ್ ಗುಂಪಿಗೆ ಕಾಬೂಲಿನ ತಾಲಿಬಾನ್ ಸರ್ಕಾರ ಜಾಗ ಕೊಟ್ಟಿದೆ ಎಂಬುದು ಈಗ ಇಸ್ಲಾಮಾಬಾದಿನ ದೂರು. ಕಾಗದಪತ್ರ ಇಲ್ಲದ ಅಫ್ಘನ್ನರು ಹೊರಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಹೇಳಿ, ನವೆಂಬರ್‌ನಿಂದ ಅವರನ್ನು ಲಕ್ಷಗಟ್ಟಲೆ ಹೊರಗಟ್ಟಿದರು. 2025ರ ಅಕ್ಟೋಬರ್‌ನಲ್ಲಿ ಎರಡು ಸೇನೆಗಳೇ ಗುಂಡು ಹಾರಿಸಿಕೊಂಡವು. ಕೊನೆಗೆ ದೋಹಾದಲ್ಲಿ ಕೂತು ಕದನವಿರಾಮ ಮಾಡಿಕೊಳ್ಳಬೇಕಾಯಿತು.

2023ರ ವಿಶ್ವಕಪ್ ನೆನಪಿದೆಯಾ? ಅಕ್ಟೋಬರ್ 23, ಚೆನ್ನೈ. ಅಫ್ಘಾನಿಸ್ತಾನ ಎಂಟು ವಿಕೆಟ್‌ಗಳಿಂದ ಪಾಕಿಸ್ತಾನವನ್ನು ಸೋಲಿಸಿತು. 87 ರನ್ ಹೊಡೆದ ಇಬ್ರಾಹಿಂ ಜದ್ರಾನ್ ತನ್ನ ಪಂದ್ಯಶ್ರೇಷ್ಠ ಪ್ರಶಸ್ತಿಯನ್ನು ಪಾಕಿಸ್ತಾನ ವಾಪಸ್ ಕಳಿಸುತ್ತಿದ್ದ ಅಫ್ಘನ್ನರಿಗೆ ಅರ್ಪಿಸಿದ. ಆ ರಾತ್ರಿ ಹನ್ನೆರಡಕ್ಕೆ ನಮ್ಮ ಹುಡುಗ ಎಲ್ಲಿಂದಲೋ ಫೋನ್ ಮಾಡಿದ. ಮಾತೇ ಇಲ್ಲ, ಬರೀ ಕೂಗಾಟ.

ಹಾಗಂತ ಅಫ್ಘನ್ನರೆಲ್ಲ ಒಂದೇ ಅಂದುಕೊಳ್ಳಬೇಡ. ಇನ್ನೊಬ್ಬ ಹುಡುಗ ಬಾಮಿಯಾನಿನ ಹಜಾರಾ ಜನಾಂಗದವನು, ಶಿಯಾ ಪಂಗಡ. ಮಣ್ಣಿನ ಪುಟ್ಟ ಬಿಲ್ಲೆ ಇಟ್ಟು, ಅದಕ್ಕೆ ಹಣೆ ತಾಗಿಸಿ ನಮಾಜ್ ಮಾಡುತ್ತಿದ್ದ. ಅದು ಶಿಯಾಗಳ ಪುಣ್ಯಕ್ಷೇತ್ರ ಕರ್ಬಲಾದ ಮಣ್ಣಂತೆ. ಅವನು ಬಿಲ್ಲೆ ತೆಗೆದ ಕೂಡಲೇ ಪಶ್ತೂನ್ ಹುಡುಗ ಸುಮ್ನೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದ. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡಿದ್ದು ನಾನು ಕೇಳಿಲ್ಲ. ಆದರೆ 2018ರ ಜೂನ್‌ನಲ್ಲಿ ಅಫ್ಘಾನಿಸ್ತಾನದ ಮೊಟ್ಟಮೊದಲ ಟೆಸ್ಟ್ ನೋಡಲು ಒಂದೇ ಬಾವುಟ ಹೊದ್ದುಕೊಂಡು ಬೆಂಗಳೂರಿಗೆ ಹೋದರು. ಐದು ದಿನಕ್ಕೆ ಅಂತ ನನ್ನಿಂದ ಚಪಾತಿ ಕಟ್ಟಿಸಿಕೊಂಡಿದ್ದರು. ಚಿನ್ನಸ್ವಾಮಿಯಲ್ಲಿ ಅಫ್ಘಾನಿಸ್ತಾನ ಒಂದೇ ದಿನ 109ಕ್ಕೂ 103ಕ್ಕೂ ಆಲೌಟ್. ಎರಡನೇ ದಿನಕ್ಕೆ ಪಂದ್ಯ ಮುಗಿದು, ಅರ್ಧ ಚಪಾತಿ ವಾಪಸ್ ಬಂತು.

ಪ್ರಶ್ನೆ: ಘಜ್ನಿ, ಘೋರಿ, ಅಬ್ದಾಲಿ ಇವರೆಲ್ಲ ಪಾಕಿಸ್ತಾನದವರೇ ಅಲ್ವಾ? ಅದಕ್ಕೇ ಅಲ್ವಾ ಕ್ಷಿಪಣಿಗಳಿಗೆ ಅವರ ಹೆಸರು?
— ಓದುಗರು, ದಾವಣಗೆರೆ

ಉತ್ತರ: ಅಲ್ಲ. ಘಜ್ನಿ, ಘೋರ್ ಎರಡೂ ಈಗಿನ ಅಫ್ಘಾನಿಸ್ತಾನದಲ್ಲಿವೆ. ಅಬ್ದಾಲಿಯ ಸಮಾಧಿ ಕಂದಹಾರ್‌ನಲ್ಲಿದೆ, ಅಫ್ಘನ್ನರಿಗೆ ಅವನು ರಾಷ್ಟ್ರಪಿತ. ಪಾಕಿಸ್ತಾನದ್ದು ಎರವಲು ಹೆಸರು. ಇನ್ನೊಂದು ಮಾತು: ಘಜ್ನಿ ಮಹಮ್ಮದ್ 1006ರಲ್ಲಿ ದಾಳಿ ಮಾಡಿದ ಮುಲ್ತಾನ್‌ನಲ್ಲಿ ಆಳುತ್ತಿದ್ದವರು ಮುಸ್ಲಿಮರೇ, ಶಿಯಾಗಳಲ್ಲೇ ಒಂದು ಪಂಗಡವಾದ ಇಸ್ಮಾಯಿಲಿಗಳು. ಆ ಮುಲ್ತಾನ್ ಇವತ್ತು ಇರುವುದು ಪಾಕಿಸ್ತಾನದಲ್ಲಿ. ಊರು ಸುಲಿದವನ ಹೆಸರನ್ನೇ ಕ್ಷಿಪಣಿಗೆ ಬರೆದುಕೊಂಡಿದ್ದಾರೆ.

ಪ್ರಶ್ನೆ: ನಮ್ಮೂರಿನ ನಾನಕ್ ಝೀರಾ ಗುರುದ್ವಾರಕ್ಕೆ ದೆಹಲಿಯಿಂದ ಬಂದಿದ್ದ ಸಿಖ್ ಕುಟುಂಬವೊಂದು ತಾವು ಕಾಬೂಲಿನವರು ಅಂದಿತು. ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) ಬಂದಿದೆಯಲ್ಲ, ಅವರಿಗೆ ಪೌರತ್ವ ಸಿಗುತ್ತದೆಯೇ?
— ಓದುಗರು, ಬೀದರ್

ಉತ್ತರ: ಅವರು ಬಂದದ್ದು ಯಾವಾಗ ಅಂತ ಕೇಳಿದಿರಾ? ಎಲ್ಲ ನಿಂತಿರುವುದು ಅದರ ಮೇಲೆ. 2019ರ ತಿದ್ದುಪಡಿ ಅನ್ವಯಿಸುವುದು 2014ರ ಡಿಸೆಂಬರ್ 31ರೊಳಗೆ ಬಂದವರಿಗೆ ಮಾತ್ರ. ತೊಂಬತ್ತರ ದಶಕದಲ್ಲಿ ಬಂದವರಾದರೆ ದಾರಿ ಇದೆ. ಆದರೆ ಕಾಬೂಲಿನ ಶೋರ್ ಬಜಾರ್‌ನ ಗುರುದ್ವಾರಕ್ಕೆ ನುಗ್ಗಿ 25 ಜನರನ್ನು ಕೊಂದದ್ದು 2020ರ ಮಾರ್ಚ್ 25ರಂದು. ಕಾರ್ತೆ ಪರ್ವಾನ್ ಗುರುದ್ವಾರದ ಮೇಲೆ ದಾಳಿ 2022ರ ಜೂನ್‌ನಲ್ಲಿ. ಈ ವರ್ಷಗಳಲ್ಲಿ ಗುರುಗ್ರಂಥವನ್ನು ತಲೆ ಮೇಲೆ ಹೊತ್ತು ಓಡಿಬಂದವರಿಗೆ ಈ ಕಾನೂನಿನಲ್ಲಿ ಜಾಗವಿಲ್ಲ.

ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಆ ಕಾನೂನಿನ ಪಟ್ಟಿಯಲ್ಲಿ ಆರು ಧರ್ಮಗಳಿವೆ, ಇಸ್ಲಾಂ ಇಲ್ಲ. ಹಾಗಾಗಿ ಹಜಾರಾಗಳಿಲ್ಲ, ಅಹ್ಮದಿಯರೂ ಇಲ್ಲ. 1974ರಲ್ಲಿ ಪಾಕಿಸ್ತಾನ ಸಂವಿಧಾನ ತಿದ್ದಿ ಅಹ್ಮದಿಯರು ಮುಸ್ಲಿಮರೇ ಅಲ್ಲ ಅಂದಿತು. ನೊಬೆಲ್ ಗೆದ್ದ ಅಹ್ಮದಿಯ ವಿಜ್ಞಾನಿ ಅಬ್ದುಸ್ ಸಲಾಮ್ ಅವರ ಸಮಾಧಿ ಕಲ್ಲಿನಿಂದಲೂ 'ಮುಸ್ಲಿಂ' ಪದವನ್ನು ಅಳಿಸಿದರು. ಅಲ್ಲಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದರೆ ನಾವು "ನೀವು ಮುಸ್ಲಿಮರು, ಈ ಸಾಲು ನಿಮ್ಮದಲ್ಲ" ಅನ್ನುತ್ತೇವೆ. ನನಗೆ ಇದು ಸರಿ ಕಾಣುವುದಿಲ್ಲ. ಬೈದು ಬರೆಯುವವರು ಬರೆಯಿರಿ, ಅಂಚೆ ಪೆಟ್ಟಿಗೆ ಖಾಲಿ ಇದೆ.

ಪ್ರಶ್ನೆ: ಇಂಗು ಬರುವುದು ಅಫ್ಘಾನಿಸ್ತಾನದಿಂದ ಅಂತ ಕೇಳಿದೆ. ಈ ಗಲಾಟೆಯಲ್ಲಿ ಸಿಗದೇ ಹೋದರೆ? ಮುಂಚೆಯೇ ತಂದಿಡಲೇ?
— ಗೃಹಿಣಿ, ಶಿರಸಿ

ಉತ್ತರ: ಅಲ್ಲಿಂದಲೂ ಬರುತ್ತದೆ, ಇರಾನಿನಿಂದಲೂ ಬರುತ್ತದೆ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಅಟಾರಿ ಗೇಟು ಮುಚ್ಚಿತು. ಅಕ್ಟೋಬರ್‌ನಲ್ಲಿ ಪಾಕಿಸ್ತಾನ–ಅಫ್ಘನ್ ಗಡಿಯ ತೋರ್ಖಮ್, ಚಮನ್ ಗೇಟುಗಳೂ ಮುಚ್ಚಿದವು. ಲಾರಿಗಳಲ್ಲಿ ದ್ರಾಕ್ಷಿ, ದಾಳಿಂಬೆ ಕೊಳೆತವು. ಇಂಗಿಗೆ ಆ ಭಯವಿಲ್ಲ. ಕಾಬೂಲ್–ದೆಹಲಿ ನಡುವೆ 2017ರಲ್ಲೇ ವಿಮಾನದಲ್ಲಿ ಸರಕು ತರುವ ವ್ಯವಸ್ಥೆ ಆಗಿದೆ, ಇರಾನಿನ ಚಾಬಹಾರ್ ಬಂದರಿನ ದಾರಿಯನ್ನೂ ಬಳಸಿದ್ದುಂಟು. ಬೆಲೆ ಏರಬಹುದು ಅಷ್ಟೇ. ಮೂಟೆಗಟ್ಟಲೆ ತಂದಿಡಬೇಡಿ. ಅಂಗಡಿಯ ಪುಡಿ ಇಂಗಿನಲ್ಲಿ ಹಿಟ್ಟು, ಗೋಂದು ಜಾಸ್ತಿ. ಸಿಕ್ಕರೆ ಗಟ್ಟಿ ಇಂಗು ತಗೊಳ್ಳಿ. ಜಲಾಲಾಬಾದ್ ಹುಡುಗ ರಜೆಗೆ ಹೋದಾಗ ತಂದುಕೊಟ್ಟ ಉಂಡೆಯಲ್ಲಿ ಇನ್ನೂ ಗೋಲಿಯಷ್ಟು ಉಳಿದಿದೆ. ಮೂರು ಪದರ ಪ್ಲಾಸ್ಟಿಕ್ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟರೂ, ಮಹಡಿ ಮೆಟ್ಟಿಲವರೆಗೆ ವಾಸನೆ.